ಮುನ್ನೂರು ಕಿಲೋಮೀಟರ್ ಆಮೇಲೆ, ಮೊದಲು ಒಂಬತ್ತು

ಕೆಂಪಾಪುರದ ಓದುಗರೊಬ್ಬರು ಬರೆದ ಪತ್ರ ನನ್ನ ಮೇಜಿನ ಮೇಲಿದೆ. ವಯಸ್ಸು 46. ಮಗ ಕೆಲಸಕ್ಕೆ ಸೇರಿದ್ದಾನೆ, ಮಗಳು ಪದವಿ ಕಡೆಯ ವರ್ಷ. ಮನೆಯಲ್ಲಿ ಅತ್ತೆ ಇದ್ದಾರೆ. ಪ್ರತಿವರ್ಷ ಶಿವರಾತ್ರಿ ಹತ್ತಿರ ಬಂದಾಗ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡೋ ತಂಡಗಳನ್ನು ನೋಡಿ ‘ನಾನೂ ಒಂದ್ಸಲ ನಡೀಬೇಕು’ ಅನ್ನಿಸುತ್ತಂತೆ. ಈ ಸಲ ಧೈರ್ಯ ಮಾಡಿ ಮನೆಯಲ್ಲಿ ಬಾಯಿಬಿಟ್ಟರೆ ಯಜಮಾನರು ನಕ್ಕುಬಿಟ್ಟರಂತೆ. ‘ಇಲ್ಲಿಂದ ಹೆಬ್ಬಾಳಕ್ಕೆ ಹೋಗೋಕೆ ಆಟೋ ಕೇಳ್ತೀಯ, ಧರ್ಮಸ್ಥಳಕ್ಕೆ ನಡೀತೀಯಾ?’ ಪತ್ರದ ಕೊನೆಯಲ್ಲಿ ಆಕೆ ಕೇಳಿರುವುದು ಒಂದೇ ಪ್ರಶ್ನೆ: ‘ನಾನು ಕೇಳಿದ್ದು ತಪ್ಪಾ?’

ತಪ್ಪಲ್ಲ, ಖಂಡಿತಾ ತಪ್ಪಲ್ಲ. ಆದರೆ ಯಜಮಾನರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಅದನ್ನು ಮುನಿಸಿಕೊಳ್ಳದೆ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೆಂಗಳೂರಿನಿಂದ ಧರ್ಮಸ್ಥಳ ಸುಮಾರು 300 ಕಿ.ಮೀ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಅಭ್ಯಾಸ ಇರುವವರಿಗೂ ಒಂದು ವಾರದ ಮೇಲೆ ಬೇಕು. ದಿನಾ ಮೂವತ್ತು-ನಲವತ್ತು ಕಿ.ಮೀ. ಟಾರು ರಸ್ತೆ, ಬಿಸಿಲು, ಸಿಕ್ಕಿದಲ್ಲಿ ಮಲಗುವುದು. ಅಡುಗೆಮನೆ, ಲಿಫ್ಟು, ತರಕಾರಿ ಅಂಗಡಿ ಇಷ್ಟರಲ್ಲೇ ದಿನ ಕಳೆಯುವ ಕಾಲಿಗೆ ಏಕಾಏಕಿ ಇದು ಆಗದ ಮಾತು. ಹಾಗಂತ ಆಸೆಯನ್ನೇ ಮಡಿಸಿ ಬೀರುವಿನಲ್ಲಿ ಇಡಬೇಕಾ? ಬೇಡ. ದಾರಿಯನ್ನು ತುಂಡು ಮಾಡಿ.

ತುಂಡು ತುಂಡಾಗಿ ನಡೆದವರು

ಅಮೆರಿಕದಲ್ಲಿ ಅಪಲಾಚಿಯನ್ ಟ್ರೇಲ್ ಅಂತ ಒಂದು ಕಾಲುದಾರಿ ಇದೆ. 14 ರಾಜ್ಯ ದಾಟುವ, ಸುಮಾರು 3,500 ಕಿ.ಮೀ. ಉದ್ದದ ದಾರಿ. ಒಂದೇ ಉಸಿರಿಗೆ ನಡೆಯುವವರು ಕಡಿಮೆ. ರಜೆ ಸಿಕ್ಕಾಗ ಒಂದು ತುಂಡು, ಮುಂದಿನ ವರ್ಷ ಇನ್ನೊಂದು ತುಂಡು ಅಂತ ನಡೆಯುವವರು ಬಹಳ. ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ ತಮ್ಮ 67ನೇ ವಯಸ್ಸಿನಲ್ಲಿ ಇದನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಸಾದಾ ಕ್ಯಾನ್ವಾಸ್ ಶೂ, ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ. ಎಲ್ಲರೂ ಮೆಚ್ಚಿ ಹೇಳುವ ಕಥೆ ಇದು. ಆದರೆ ನನಗೆ ಇಷ್ಟವಾಗುವುದು ಅದರ ಹಿಂದಿನ ಮತ್ತು ಮುಂದಿನ ಸಂಗತಿ. ಹಿಂದಿನ ವರ್ಷ, 1954ರಲ್ಲಿ, ಆಕೆ ಹೊರಟು ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ವಾಪಸ್ ಬಂದಿದ್ದರು. ಮೂರನೇ ಸಲ ಆ ದಾರಿ ಮುಗಿಸಿದ್ದು 1964ರಲ್ಲಿ, ತುಂಡು ತುಂಡಾಗಿ. ಅದಕ್ಕೆ ಯಾರೂ ಅವರನ್ನು ಕಡಿಮೆ ಎಂದು ಎಣಿಸಲಿಲ್ಲ.

ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ಹೋಗುವ ವಾರಿ ಇದೆಯಲ್ಲ, ಸುಮಾರು 250 ಕಿ.ಮೀ. ಅದರಲ್ಲೂ ಪುಣೆಯಿಂದ ಸಾಸವಡದವರೆಗೆ ಒಂದೇ ದಿನ ನಡೆದು ಮನೆಗೆ ಮರಳುವ ಪೇಟೆಯ ಹೆಣ್ಣುಮಕ್ಕಳು ಇದ್ದಾರೆ. ಹರಕೆ ಹೊತ್ತವರ ಮಾತು ಬೇರೆ. ಹರಕೆ ಇಲ್ಲದೆ ನಡೆಯುವ ಆಸೆಯಿಂದ ಹೊರಟವರಿಗೆ ‘ಪೂರ್ತಿ ನಡೆದರೆ ಮಾತ್ರ ಲೆಕ್ಕ’ ಎಂಬ ನಿಯಮ ಯಾರೂ ಮಾಡಿಲ್ಲ.

ಕೊನೆಯಿಂದ ಶುರು ಮಾಡಿ

ಮೊದಲ ತುಂಡು ಯಾವುದು? ಎಲ್ಲರೂ ಮನೆ ಬಾಗಿಲಿನಿಂದ ಹೊರಡೋಣ ಅಂತಾರೆ. ಹಾಗೆ ಮಾಡಬೇಡಿ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್ ಕಡೆಯ ದಾರಿ ಲಾರಿ, ಹೊಗೆ, ಹಾರ್ನಿನ ಹೆದ್ದಾರಿ. ಹೊಸಬರಿಗೆ ಉತ್ಸಾಹ ಇಳಿಸುವ ದಾರಿ. ಚಾರ್ಮಾಡಿ ಘಾಟಿ ಚೆಂದ ನಿಜ, ಆದರೆ ತಿರುವುಗಳ ಇಕ್ಕಟ್ಟು ರಸ್ತೆ, ಆನೆಗಳ ಓಡಾಟ ಇರುವ ಕಾಡು. 2019ರ ಆಗಸ್ಟ್ ಮಳೆಯಲ್ಲಿ ಅಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಅದು ಮೂರನೇ ವರ್ಷಕ್ಕಿರಲಿ, ಅದೂ ತಂಡದ ಜೊತೆ, ಹಗಲಲ್ಲಿ, ಮಳೆ ಇಲ್ಲದಾಗ.

ಮೊದಲನೆಯದು ಉಜಿರೆಯಿಂದ ಧರ್ಮಸ್ಥಳ. ಸುಮಾರು 9 ಕಿ.ಮೀ. ಉದ್ದಕ್ಕೂ ಊರು, ಜನ. ಸುಸ್ತಾದರೆ ಕೈ ಅಡ್ಡ ಹಾಕಿದರೆ ಬಸ್ಸು, ಆಟೋ, ಜೀಪು. ಕಾರ್ತಿಕ ಮಾಸದ ಲಕ್ಷದೀಪೋತ್ಸವದ ಮೊದಲ ದಿನ ಉಜಿರೆಯ ಜನಾರ್ದನ ಸ್ವಾಮಿ ದೇವಸ್ಥಾನದಿಂದ ಸಾವಿರಾರು ಜನ ಇದೇ ದಾರಿಯಲ್ಲಿ ಪಾದಯಾತ್ರೆ ಹೋಗುತ್ತಾರೆ. ಒಬ್ಬರೇ ನಡೆಯೋಕೆ ಹಿಂಜರಿಕೆ ಇದ್ದರೆ ಆ ದಿನವೇ ಆರಿಸಿಕೊಳ್ಳಿ. ಜನಜಂಗುಳಿ ಬೇಡ ಅಂದರೆ ಡಿಸೆಂಬರ್-ಜನವರಿಯ ಒಂದು ಭಾನುವಾರ ಒಳ್ಳೆಯದು. ಶಿವರಾತ್ರಿ ಹೊತ್ತಿಗೆ ದಾರಿಯಲ್ಲಿ ಅರವಟ್ಟಿಗೆ, ಮಜ್ಜಿಗೆ, ಊಟ ಎಲ್ಲ ಸಿಗುತ್ತದೆ, ಆದರೆ ಕರಾವಳಿಯ ಕಡೆ ಬಿಸಿಲು ಆಗಲೇ ಬಲಿತಿರುತ್ತದೆ.

ಎರಡನೇ ಸಲ ಚಾರ್ಮಾಡಿ ಊರಿನಿಂದ ಕಕ್ಕಿಂಜೆ, ಮುಂಡಾಜೆ ದಾಟಿ ಉಜಿರೆಗೆ, ಮಾರನೇ ದಿನ ಧರ್ಮಸ್ಥಳಕ್ಕೆ. ಮೂರನೇ ಸಲ ಘಾಟಿ. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ. ಕೊನೆಗೊಂದು ವರ್ಷ ನಿಮ್ಮ ಮನೆ ಬಾಗಿಲಿಗೇ ಬಂದು ಮುಟ್ಟುತ್ತೀರಿ!

ಎರಡೇ ದಿನದ ಲೆಕ್ಕ

ಶನಿವಾರ ಬೆಳಗ್ಗೆ ಮೆಜೆಸ್ಟಿಕ್‌ನಿಂದ ಹಗಲು ಬಸ್ಸು ಹತ್ತಿ. ಹತ್ತುವ ಮೊದಲು ‘ಚಾರ್ಮಾಡಿ ಮೇಲೆ ಹೋಗುತ್ತಾ, ಶಿರಾಡಿ ಮೇಲಾ?’ ಅಂತ ಕೇಳಿಕೊಳ್ಳಿ. ಶಿರಾಡಿ ಮೇಲೆ ಹೋಗುವ ಬಸ್ಸು ಧರ್ಮಸ್ಥಳಕ್ಕೆ ಇನ್ನೊಂದು ಕಡೆಯಿಂದ ಬರುತ್ತದೆ, ಉಜಿರೆ ಸಿಗುವುದಿಲ್ಲ. ಚಾರ್ಮಾಡಿ ಬಸ್ಸಾದರೆ ಮುಂದೊಂದು ದಿನ ನೀವು ನಡೆಯಲಿರುವ ದಾರಿಯನ್ನು ಕಿಟಕಿಯಿಂದ ನೋಡಿದಂತೆಯೂ ಆಯಿತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ವಿಳಾಸ ಇರುವ ಗುರುತಿನ ಚೀಟಿ ಮರೆಯಬೇಡಿ. ರಾಜಹಂಸ, ಸ್ಲೀಪರ್‌ಗಳಿಗೆ ಇದು ಅನ್ವಯಿಸುವುದಿಲ್ಲ.

ಶನಿವಾರ ರಾತ್ರಿ ಉಜಿರೆಯಲ್ಲಿ ತಂಗಿ, ಬೇಗ ಮಲಗಿ. ಕೋಣೆಯನ್ನು ಮೊದಲೇ ಫೋನಿನಲ್ಲಿ ಗೊತ್ತು ಮಾಡಿಕೊಂಡಿರಿ. ಭಾನುವಾರ ಬೆಳಕು ಹರಿದ ಮೇಲೆ, ಆರೂಮುಕ್ಕಾಲಿಗೆ ಹೊರಡಿ. ಗಂಟೆಗೆ 4 ಕಿ.ಮೀ. ಲೆಕ್ಕದಲ್ಲಿ 9 ಕಿ.ಮೀ.ಗೆ ಎರಡೂಕಾಲು ಗಂಟೆ. ಕೂತು ಏಳೋದಕ್ಕೆ ಮುಕ್ಕಾಲು ಗಂಟೆ ಸೇರಿಸಿ. ಬಿಸಿಲೇರುವ ಮೊದಲೇ, ಹತ್ತು ಗಂಟೆಯೊಳಗೆ ಧರ್ಮಸ್ಥಳದಲ್ಲಿರುತ್ತೀರಿ. ಊರು ಮುಟ್ಟುವ ಮೊದಲು ನೇತ್ರಾವತಿ ಸಿಗುತ್ತದೆ. ಕಾಲು ನೆನೆಸಿ, ಆದರೆ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಹುಷಾರು, ಆಳಕ್ಕೆ ಇಳಿಯಬೇಡಿ. ದರ್ಶನ, ಅನ್ನಪೂರ್ಣದಲ್ಲಿ ಊಟ, ಸ್ವಲ್ಪ ವಿಶ್ರಾಂತಿ, ರಾತ್ರಿ ಬಸ್ಸು. ಸೋಮವಾರ ಬೆಳಗಿನ ಕಾಫಿ ಮನೆಯಲ್ಲೇ.

ತಯಾರಿ ಎಂಟು ವಾರ

ಇಲ್ಲಿ ನನ್ನದೇ ಪೆದ್ದುತನ ಹೇಳಿಬಿಡ್ತೀನಿ. ಮೊದಲ ಸಲ ಇಂಥದ್ದೇ ಒಂದು ನಡಿಗೆಗೆ ಹೊಸ ಶೂ ಕೊಂಡು, ಪೆಟ್ಟಿಗೆಯಿಂದ ತೆಗೆದವಳೇ ಹಾಕಿಕೊಂಡು ಹೊರಟಿದ್ದೆ. ಐದನೇ ಕಿಲೋಮೀಟರಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಉಳಿದ ದಾರಿ ಆಟೋದಲ್ಲಿ, ಅಳುತ್ತಾ. ಅವತ್ತು ತಿಳಿದದ್ದು: ಕಾಲಿನ ತಾಕತ್ತಿಗಿಂತ ಮೊದಲು ಕಾಲಿನ ಚರ್ಮ ಸೋಲುತ್ತದೆ.

ಶೂವನ್ನು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ. ಕಡೇಪಕ್ಷ ಒಂದು ತಿಂಗಳು ಅದನ್ನೇ ಹಾಕಿ ನಡೆಯಿರಿ. ಬೆವರು ಹಿಡಿಯದ ಸಾಕ್ಸ್ ಎರಡು ಜೊತೆ. ಹೊರಡುವ ಮುಂಚೆ ಹಿಮ್ಮಡಿ, ಬೆರಳ ಸಂದು, ತೊಡೆ ಸಂದಿಗೆ ವ್ಯಾಸಲೀನ್. ಎಲ್ಲಾದರೂ ಉರಿ ಅನ್ನಿಸಿದ ಕೂಡಲೇ ನಿಂತು ಪ್ಲಾಸ್ಟರ್ ಹಚ್ಚಿ. ‘ಇನ್ನು ಸ್ವಲ್ಪ ದೂರ ತಾನೆ’ ಅಂದುಕೊಂಡರೆ ಬೊಬ್ಬೆ ಗ್ಯಾರಂಟಿ.

ಮೊದಲೆರಡು ವಾರ ದಿನಾ 3 ಕಿ.ಮೀ. ಮೂರು-ನಾಲ್ಕನೇ ವಾರ 5, ಭಾನುವಾರ 7. ಐದು-ಆರನೇ ವಾರ ಭಾನುವಾರ 9, ಬೆನ್ನಿಗೆ ಚೀಲ ಹಾಕಿಕೊಂಡು. ಏಳನೇ ವಾರ ಶನಿವಾರ, ಭಾನುವಾರ ಎರಡೂ ದಿನ ಬೆನ್ನುಬೆನ್ನಿಗೆ ನಡೆದು ನೋಡಿ. ಎಂಟನೇ ವಾರ ಕಡಿಮೆ ಮಾಡಿ, ಕಾಲಿಗೆ ವಿಶ್ರಾಂತಿ ಕೊಡಿ. ಕೆಂಪಾಪುರದವರಿಗೆ ಜಾಗಕ್ಕೇನೂ ಬರ ಇಲ್ಲ. ಹೆಬ್ಬಾಳ ಕೆರೆ, ನಾಗವಾರ ಕೆರೆ, ರಾಚೇನಹಳ್ಳಿ ಕೆರೆ, ಜಕ್ಕೂರು ಕೆರೆ, ದಿನಕ್ಕೊಂದು ದಿಕ್ಕು. ಒಮ್ಮೆ ನಂದಿ ಬೆಟ್ಟಕ್ಕೆ ಕಾರು ಬಿಟ್ಟು, ಸುಲ್ತಾನಪೇಟೆ ಕಡೆಯ ಹಳೇ ಮೆಟ್ಟಿಲು ಹತ್ತಿ ನೋಡಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಮಂಡಿಯ ಸತ್ಯ ಅಲ್ಲಿ ಗೊತ್ತಾಗುತ್ತದೆ. ನಡೆಯುವಾಗ ಪಕ್ಕದವರ ಜೊತೆ ಮಾತಾಡೋಕೆ ಆಗುತ್ತಿದ್ದರೆ ವೇಗ ಸರಿ ಇದೆ, ಮಾತಿಗೆ ಉಸಿರು ಸಾಲದಿದ್ದರೆ ನಿಧಾನಿಸಿ.

ದಯವಿಟ್ಟು ಇವನ್ನು ಮರೆಯಬೇಡಿ

* ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಲೇಬೇಡಿ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ. ರಾತ್ರಿ ಪಾದವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಮಾತ್ರೆ ನುಂಗಿ ತಿಂಡಿ ಬಿಟ್ಟು ನಡೆಯಬೇಡಿ, ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ.
* ಬಿ.ಪಿ., ಹೃದಯದ ತೊಂದರೆ, ರಕ್ತಹೀನತೆ, ಮಂಡಿನೋವು ಇದ್ದರೆ ತಯಾರಿ ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಿ. ಎದೆ ಬಿಗಿತ, ತಲೆಸುತ್ತು ಬಂದರೆ ನಡಿಗೆ ಅಲ್ಲಿಗೇ ಮುಗಿಯಿತು, ಸಂಕೋಚ ಬೇಡ.
* ಮುಟ್ಟಿನ ದಿನ ಅಡ್ಡ ಬರುತ್ತದೆ ಅಂತ ಔಷಧಿ ಅಂಗಡಿಯಲ್ಲಿ ನೀವೇ ಮಾತ್ರೆ ಕೊಂಡು ನುಂಗಬೇಡಿ. ದಿನಾಂಕ ಬದಲಿಸುವುದು ಸುಲಭ. ಹೇಗೂ ಒಂದು ಪೊಟ್ಟಣ ಪ್ಯಾಡ್, ಕಾಗದದ ಚೀಲ ಜೊತೆಗಿರಲಿ.
* ಶೌಚಾಲಯ ಸಿಗಲ್ಲ ಅಂತ ನೀರು ಕುಡಿಯದೆ ನಡೆಯುವುದು ನಮ್ಮ ಹೆಣ್ಣುಮಕ್ಕಳ ದೊಡ್ಡ ತಪ್ಪು. ಉರಿಮೂತ್ರ, ತಲೆನೋವು ಎರಡೂ ಅದರಿಂದಲೇ. ಹೋಟೆಲಿನಲ್ಲಿ ಕಾಫಿ ಕುಡಿದು ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಬೆವರು ಜಾಸ್ತಿ ಇದ್ದರೆ ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓ.ಆರ್.ಎಸ್.
* ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ನಡೆಯಿರಿ. ಒಬ್ಬರ ಹಿಂದೆ ಒಬ್ಬರು. ತಿಳಿ ಬಣ್ಣದ ಬಟ್ಟೆ. ಕತ್ತಲಲ್ಲಿ ನಡಿಗೆ ಬೇಡವೇ ಬೇಡ. ಕಿವಿಗೆ ಇಯರ್‌ಫೋನ್ ಕೂಡ ಬೇಡ.
* ಚೀಲ ಮೂರು ಕೆ.ಜಿ. ಮೀರದಿರಲಿ: ಒಂದು ಲೀಟರ್ ನೀರು, ಒಂದು ಜೊತೆ ಬಟ್ಟೆ, ಟವೆಲ್, ಮಾತ್ರೆಗಳು, ಪ್ಲಾಸ್ಟರ್, ಟೋಪಿ ಅಥವಾ ಕೊಡೆ, ಚಿಕ್ಕಿ-ಖರ್ಜೂರ, ಚಿಲ್ಲರೆ ದುಡ್ಡು, ಫೋನ್ ಚಾರ್ಜರ್. ಮನೆಯವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದಿಡಿ, ಫೋನ್ ಸತ್ತಾಗ ನೆನಪಿಗೆ ಬರುವುದಿಲ್ಲ. ತುರ್ತಿಗೆ 112.

ಮನೆಯ ಬಾಗಿಲು ದಾಟುವುದು

ಇಷ್ಟೆಲ್ಲ ಸುಲಭ. ಕಷ್ಟವಾಗಿರುವುದು ಹೊಸ್ತಿಲು. ನಾವು ಹೊರಡುವಾಗ ಏನು ಮಾಡುತ್ತೇವೆ ನೋಡಿ. ಎರಡು ದಿನಕ್ಕೆ ನಾಲ್ಕು ದಿನದ ಸಾರು, ಪಲ್ಯ, ದೋಸೆ ಹಿಟ್ಟು ಮಾಡಿಟ್ಟು, ಬಟ್ಟೆ ಒಗೆದು, ಮನೆ ಸಾರಿಸಿ, ಬಸ್ಸು ಹತ್ತುವ ಹೊತ್ತಿಗೇ ಅರ್ಧ ಜೀವ ಆಗಿರುತ್ತೇವೆ. ಆಮೇಲೆ ‘ನಡೆಯೋಕೆ ಆಗ್ಲಿಲ್ಲ’ ಅಂತೀವಿ. ಗೆಳತಿಯರೇ, ಈ ಸಲ ಫ್ರಿಜ್ ತುಂಬಿಸಬೇಡಿ. ಕುಕ್ಕರಿನಲ್ಲಿ ಅನ್ನಕ್ಕೆ ಎಷ್ಟು ನೀರು ಅಂತ ಒಂದು ತಿಂಗಳ ಮೊದಲೇ ಮಗನಿಗೂ ಯಜಮಾನರಿಗೂ ಕಲಿಸಿ. ಅತ್ತೆಯ ಮಾತ್ರೆಗಳನ್ನು ಬೆಳಗ್ಗೆ-ಮಧ್ಯಾಹ್ನ-ರಾತ್ರಿ ಅಂತ ಡಬ್ಬಿಗೆ ಹಾಕಿ, ಕೊಡುವ ಜವಾಬ್ದಾರಿ ಮಗಳಿಗೆ ಒಪ್ಪಿಸಿ. ಒಂದು ಭಾನುವಾರ ನೀವು ಕೆರೆಗೆ ನಡೆಯೋಕೆ ಹೋದಾಗ ಅವರೂ ತಾಲೀಮು ನಡೆಸಲಿ.

ಯಜಮಾನರ ಹತ್ತಿರ ‘ಹೋಗಲಾ?’ ಅಂತ ಕೇಳುವುದಕ್ಕೂ ‘ಡಿಸೆಂಬರ್‌ನ ಈ ಶನಿವಾರ, ಭಾನುವಾರ ಹೋಗ್ತಾ ಇದ್ದೀನಿ, ಬಸ್ಸು ಇದು, ತಂಗೋದು ಇಲ್ಲಿ, ಜೊತೆಗೆ ಬರೋರು ಇವರು’ ಅಂತ ಕಾಗದದಲ್ಲಿ ಬರೆದು ತೋರಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಬೇಕಾಬಿಟ್ಟಿ ಆಸೆಗೆ ಮನೆಯವರು ನಗುತ್ತಾರೆ, ಲೆಕ್ಕ ಹಾಕಿದ ಯೋಜನೆಗೆ ಅಷ್ಟು ಸುಲಭವಾಗಿ ನಗಲಾರರು. ಜೊತೆಗೆ ಒಬ್ಬಿಬ್ಬರು ನೆರೆಯವರನ್ನು ಹೊರಡಿಸಿ. ಬೆಳಗಿನ ನಡಿಗೆಗೆ ತಪ್ಪದೆ ಬರುವವರು ಪ್ರಯಾಣಕ್ಕೂ ತಪ್ಪಿಸಿಕೊಳ್ಳುವುದಿಲ್ಲ. ‘ನಾನೂ ಬರ್ತೀನಿ’ ಅಂತ ಬಾಯಲ್ಲಿ ಹೇಳಿ ಕೆರೆಗೆ ಒಂದು ದಿನವೂ ಬಾರದವರನ್ನು ಮಾತ್ರ ನಂಬಿ ಕೂರಬೇಡಿ.

ಇನ್ನೊಂದು ಮಾತು. ಅರ್ಧ ದಾರಿಯಲ್ಲಿ ಬಸ್ಸು ಹತ್ತಬೇಕಾಗಿ ಬಂದರೆ ಹತ್ತಿ. ಮನೆಯಲ್ಲಿ ಯಾರಾದರೂ ‘ನಾನು ಹೇಳಲಿಲ್ವಾ?’ ಅನ್ನಬಹುದು, ಅನ್ನಲಿ. ನಡೆದ ನಾಲ್ಕು ಕಿಲೋಮೀಟರ್ ನಿಮ್ಮದೇ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಮುಂದಿನ ಸಲ ಬಸ್ಸು ಹತ್ತಿದ ಜಾಗದಿಂದಲೇ ಶುರು ಮಾಡಿದರಾಯಿತು.

ಕೆಂಪಾಪುರದ ಸೋದರಿಗೆ ನನ್ನ ಸಲಹೆ ಇಷ್ಟು: ನಾಳೆ ಸಂಜೆ ಹೆಬ್ಬಾಳಕ್ಕೆ ಹೋಗಬೇಕಾದರೆ ಆಟೋ ಕರೆಯಬೇಡಿ. ನಡೆದು ಹೋಗಿ, ನಡೆದೇ ಬನ್ನಿ. ಯಜಮಾನರಿಗೆ ಆಗಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಇನ್ನರ್ಧ ಉಜಿರೆಯಲ್ಲಿ ಕೊಡುವಿರಂತೆ. ಹೋಗಿ ಬಂದ ಮೇಲೆ ನಮಗೊಂದು ಪತ್ರ ಬರೆಯೋದು ಮಾತ್ರ ಮರೀಬೇಡಿ.