ಕೊಟ್ಟವರೂ ಲೆಕ್ಕ ಒಪ್ಪಿಸಬೇಕು

ಬಡವರ ಕೈಗೆ ನಗದು ಕೊಟ್ಟರೆ ಕುಡಿದು ಕಳೆಯುತ್ತಾರೆಂಬ ಮಾತು ನಮ್ಮ ಸಮಾಜದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿಗಳಲ್ಲಿ ಓದುತ್ತಿದ್ದ ಕೆಲವು ಗೆಳೆಯರು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಮೊದಲು ಸ್ವಂತ ಹಣವನ್ನೇ ಕೀನ್ಯದ ಬಡ ಕುಟುಂಬಗಳಿಗೆ ಕೊಟ್ಟರು. 2011ರಲ್ಲಿ ‘ಗಿವ್‌ಡೈರೆಕ್ಟ್ಲಿ’ ಎಂಬ ತಮ್ಮ ಸಂಸ್ಥೆಯನ್ನು ಸಾರ್ವಜನಿಕರ ದಾನಕ್ಕೆ ತೆರೆದರು. 2007ರಲ್ಲಿ ಅಲ್ಲಿ ಆರಂಭವಾಗಿದ್ದ ಎಂ-ಪೆಸಾ ಸೇವೆಯ ಮೂಲಕ ಹಣ ನೇರವಾಗಿ ಮೊಬೈಲಿಗೆ ತಲುಪುತ್ತಿತ್ತು.

ಹಣ ಪಡೆದ ಮತ್ತು ಪಡೆಯದ ಕುಟುಂಬಗಳನ್ನು ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪಡೆದವರು ಜಾನುವಾರು ಕೊಂಡಿದ್ದರು, ಹುಲ್ಲಿನ ಮಾಡಿಗೆ ತಗಡು ಹೊದಿಸಿದ್ದರು, ಊಟಕ್ಕೆ ಹೆಚ್ಚು ವ್ಯಯಿಸಿದ್ದರು. ಮದ್ಯ, ತಂಬಾಕುಗಳ ಖರ್ಚು ಏರಿರಲಿಲ್ಲ.

ನಗದೊಂದೇ ಶಾಲೆ, ಆಸ್ಪತ್ರೆಗಳನ್ನು ಕಟ್ಟಲಾರದು, ನಿಜ. ವಂಚನೆಯ ಭಯವೂ ಸುಳ್ಳಲ್ಲ. ಕಾಂಗೋದಲ್ಲಿ ಇದೇ ಸಂಸ್ಥೆಯ ಸುಮಾರು 9 ಲಕ್ಷ ಡಾಲರ್ ವಂಚಕರ ಪಾಲಾಯಿತು. ಅದರಲ್ಲಿ ಒಳಗಿನವರ ಕೈಯೂ ಇತ್ತು. ಆದರೆ 2023ರಲ್ಲಿ ಸಂಸ್ಥೆ ತಾನಾಗಿಯೇ ಅದನ್ನು ಜಗತ್ತಿಗೆ ತಿಳಿಸಿತು.

ನಾವು ಕಲಿಯಬೇಕಾದುದು ಇಲ್ಲಿದೆ. ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ, ನಮ್ಮ ಟ್ರಸ್ಟುಗಳು ದಾನಿಗಳ ಹೆಸರನ್ನು ಶಿಲೆಯಲ್ಲಿ ಕೆತ್ತಿಸುತ್ತವೆ. ವಿದ್ಯಾರ್ಥಿವೇತನ ಪಡೆದ ಬಾಲಕನನ್ನು ವೇದಿಕೆಗೆ ಕರೆದು ಛಾಯಾಚಿತ್ರ ತೆಗೆಸುತ್ತವೆ. ಆ ಹಣದಿಂದ ಅವನ ಓದು ಮುಂದುವರಿಯಿತೇ ಎಂದು ಎಷ್ಟು ಟ್ರಸ್ಟುಗಳು ವಿಚಾರಿಸುತ್ತವೆ? ತಪ್ಪಿದ ಲೆಕ್ಕವನ್ನು ಎಷ್ಟು ಟ್ರಸ್ಟುಗಳು ಸಭೆಯ ಮುಂದಿಡುತ್ತವೆ?

ಪಡೆಯುವವನನ್ನು ಸಂಶಯಿಸುವ ಮೊದಲು ಕೊಡುವವರು ತಮ್ಮನ್ನು ಪರೀಕ್ಷಿಸಿಕೊಳ್ಳಲಿ. ಪ್ರತಿಕ್ರಮಣ ವ್ಯಕ್ತಿಗಳಿಗೆ ಮಾತ್ರವೇ? ಸಂಸ್ಥೆಗಳಿಗೂ ಬೇಡವೇ?