ತರಬೇತಿ ನಮಗೆ, ನಡಾವಳಿ ಪುಸ್ತಕ ಅವರಿಗೆ

ಮಾನ್ಯ ಸಂಪಾದಕರೆ,

ಅರಣ್ಯ ಹಕ್ಕು ಸಮಿತಿಗಳಿಗೆ ‘ಸಾಮರ್ಥ್ಯ ವೃದ್ಧಿ ತರಬೇತಿ’ ನಡೆದ ಬಗ್ಗೆ ನಿಮ್ಮ ಮೊನ್ನೆಯ ವರದಿ ಓದಿ ಮೈ ಉರಿಯಿತು. ದೀಪ ಬೆಳಗಿದ್ದು, ಶಾಲು ಹೊದೆಸಿದ್ದು, ಸಸಿಗೆ ನೀರೆರೆದದ್ದು ಎಲ್ಲ ಬಂದಿದೆ. ಆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತವರಲ್ಲಿ ನಾನೂ ಒಬ್ಬ. ಅಚ್ಚಾಗದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಬುಡಕಟ್ಟಿನವರಾದ ಹಸಲರ ಕೇರಿಯ ಸದಸ್ಯೆಯೊಬ್ಬರು ಎದ್ದು, “ಸರ್, ನಾವು ಹೆಬ್ಬೆಟ್ಟು ಒತ್ತೋ ಆ ನಡಾವಳಿ ಬುಕ್ಕು ನಮ್ಮತ್ರ ಎಂತಕ್ಕೆ ಇರಲ್ಲ?” ಎಂದು ಕೇಳಿದರು. ವೇದಿಕೆಯ ಮೇಲಿದ್ದ ಸಾಹೇಬರು ನಕ್ಕು, “ನಿಮ್ಮನೇಲಿಟ್ಟರೆ ಗೆದ್ದಲು ತಿನ್ನುತ್ತೆ ಅಮ್ಮಾ, ನಮ್ಮ ಬೀರುವಿನಲ್ಲಿ ಸೇಫಾಗಿರುತ್ತೆ” ಎಂದರು. ಸಭೆ ಗೊಳ್ಳೆಂದಿತು. ಅವರು ಸೆರಗು ಸರಿಮಾಡಿಕೊಂಡು ಕೂತರು. ಆಮೇಲೆ ಊಟದ ಕೂಪನ್ ಹಂಚಿದರು. ಇದು ಸಾಮರ್ಥ್ಯ ವೃದ್ಧಿ!

ಅರಣ್ಯ ಹಕ್ಕು ಕಾಯ್ದೆ 2006ರದ್ದು. 2012ರ ತಿದ್ದುಪಡಿ ನಿಯಮದ ಪ್ರಕಾರ ಸಮಿತಿಗೆ ಹತ್ತರಿಂದ ಹದಿನೈದು ಸದಸ್ಯರು, ಅವರಲ್ಲಿ ಕನಿಷ್ಠ ಮೂರನೇ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರನೇ ಒಂದು ಪಾಲು ಹೆಂಗಸರು. ಅಧ್ಯಕ್ಷ, ಕಾರ್ಯದರ್ಶಿಯನ್ನು ಸಮಿತಿಯೇ ಆರಿಸಿಕೊಳ್ಳಬೇಕು. ನಮ್ಮಲ್ಲಿ ತಲೆಲೆಕ್ಕ ಚುಕ್ತಾ ಇದೆ. ಸಮಿತಿ ಏನು ನಿರ್ಣಯ ಮಾಡಿತು ಎನ್ನುವುದು ಮಾತ್ರ ಸಮಿತಿಗೇ ಗೊತ್ತಿಲ್ಲ. ಖಾಲಿ ಹಾಳೆಗೆ ಸಹಿ ಮೊದಲು, ಒಕ್ಕಣೆ ಆಮೇಲೆ. ಗ್ರಾಮಸಭೆಗೆ ಪಂಚಾಯಿತಿ ಕಾರ್ಯದರ್ಶಿಯೇ ಕಾರ್ಯದರ್ಶಿ ಎಂದು ಅಧಿಕಾರಿಗಳು ನಿಯಮ ತೋರಿಸುತ್ತಾರೆ, ಇರಲಿ. ಹಕ್ಕು ಸಮಿತಿಯ ಪುಸ್ತಕ ಯಾರಪ್ಪನ ಆಸ್ತಿ?

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ಹಾಗಾಗಿ ಆ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮ್ಮ ಬುಡಕಟ್ಟಿನವರಿಗೆ ಒದಗುವುದಿಲ್ಲ. ಇವರ ಕೈಯಲ್ಲಿರುವ ಸ್ವಯಂ ಆಡಳಿತ ಅಂದರೆ ಈ ಗ್ರಾಮಸಭೆ, ಈ ಸಮಿತಿ, ಈ ಪುಸ್ತಕ, ಅಷ್ಟೆ. ಅದನ್ನೂ ಬೀರುವಿನಲ್ಲಿಟ್ಟು ಬೀಗ ಜಡಿದು ‘ಗ್ರಾಮ ಸ್ವರಾಜ್’ ಅಂತ ಬ್ಯಾನರ್ ಕಟ್ಟಿದರೆ ಮುಗಿಯಿತೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಕಾಡಿನೊಳಗೇ 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದರು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಗಣಿ ಬೇಡ ಎಂದವು. ಅವರಿಗೇನು ಮಿದುಳು ಜಾಸ್ತಿ ಇತ್ತೆ? ಇಲ್ಲಿ ಕಿರು ಅರಣ್ಯ ಉತ್ಪನ್ನದ ಒಡೆತನ ಕಾಡಿನವರದ್ದು ಎಂದು ಕಾಯ್ದೆಯ ಮೂರನೇ ಕಲಮು ಹೇಳುತ್ತಿದ್ದರೂ, ಕಾಡಿನ ಉಪ್ಪಾಗೆ ಹಣ್ಣು ಹೆಕ್ಕುವ ಹಸಲರಿಗೆ ಆ ಕಲಮನ್ನು ಒಬ್ಬ ತರಬೇತುದಾರನೂ ಓದಿ ಹೇಳಲಿಲ್ಲ. ಇಂಗ್ಲಿಷ್ ಸ್ಲೈಡು ಓಡಿಸಿದರು, ಅಲ್ಲೂ ಅರ್ಧಕ್ಕೆ ಕರೆಂಟು ಹೋಯಿತು. ಜಲವಿದ್ಯುತ್ತಿನಿಂದ ಇಡೀ ನಾಡಿಗೆ ಬೆಳಕು ಕೊಡುವ ಊರು ನೋಡಿ ನಮ್ಮದು!

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಹಸಲರವನಲ್ಲ, ಅಣೆಕಟ್ಟಿನ ಮುಳುಗಡೆಯವನು. ನನ್ನಂಥ, ಪರಿಶಿಷ್ಟ ಪಂಗಡದವರಲ್ಲದ ‘ಇತರ ಪಾರಂಪರಿಕ ಅರಣ್ಯವಾಸಿ’ಗಳಿಗೆ ಮೂರು ತಲೆಮಾರು, ಅಂದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕೆಂಬ ಷರತ್ತಿದೆ. ಸರಿ, 1930ರ ಕಾಗದ ತನ್ನಿ ಅಂದರೆ ಎಲ್ಲಿಂದ ತರೋಣ? ಅಜ್ಜನ ಊರು, ಶ್ಯಾನುಭೋಗರ ದಫ್ತರ, ದೇವಸ್ಥಾನ ಎಲ್ಲ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯವೇ ಎಂದು 13ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆ ಹೇಳಿಕೆ ಬರೆದುಕೊಳ್ಳುವುದನ್ನು ಸಮಿತಿಗೆ ಕಲಿಸಿದ್ದರೆ ಒಂದು ಮಧ್ಯಾಹ್ನ ಸಾಕಿತ್ತು. ಅದರ ಬದಲು ‘ದಾಖಲೆ ಇಲ್ಲ’ ಎಂಬ ಮೊಹರು ಒತ್ತಿ ಅರ್ಜಿ ವಾಪಸು. 75 ವರ್ಷದ ಷರತ್ತೇ ಇಲ್ಲದ ಹಸಲರನ್ನೂ ಇದೇ ಕಾಗದ ಕೇಳಿ ಅಲೆಸುತ್ತಾರೆ. ತಿರಸ್ಕರಿಸಿದರೆ ಖುದ್ದು ತಿಳಿಸಬೇಕು, ಅರವತ್ತು ದಿನದಲ್ಲಿ ಮೇಲ್ಮನವಿ ಹಾಕಬಹುದು ಎನ್ನುವುದು ನಮಗೆ ಗೊತ್ತಾಗುವ ಹೊತ್ತಿಗೆ ಅರವತ್ತು ದಿನ ಎಂದೋ ಕಳೆದಿರುತ್ತದೆ.

ಸಾಮರ್ಥ್ಯ ಬೇಕಿರುವುದು ಯಾರಿಗೆ ಸ್ವಾಮಿ? ಕಾಯ್ದೆ ಬಂದು ಇಷ್ಟು ವರ್ಷವಾದರೂ ಅದನ್ನು ಓದದ ವೇದಿಕೆಯವರಿಗೋ, ಕೂಲಿ ಬಿಟ್ಟು ಬಂದು ಪುಸ್ತಕ ಕೇಳಿದ ಆ ಹೆಂಗಸಿಗೋ? ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ಕಾರಣಸಮೇತ, ಕನ್ನಡದಲ್ಲಿ, ಪಂಚಾಯಿತಿ ಫಲಕಕ್ಕೆ ಅಂಟಿಸಲಿ. ಅಲ್ಲಿಯವರೆಗೆ ಮುಂದಿನ ತರಬೇತಿಗೆ ನಮ್ಮ ಕಡೆಯವರನ್ನು ಕರೆಯುವ ಶ್ರಮ ತೆಗೆದುಕೊಳ್ಳಬೇಡಿ.

ಇಂತಿ,
ಅರಣ್ಯ ಹಕ್ಕು ಸಮಿತಿಯ ಸದಸ್ಯನೊಬ್ಬ, ಕಾರ್ಗಲ್