ತ್ಯಾಜ್ಯನೀರು: ಖರ್ಚಿನ ಬಾಬತ್ತೋ, ಕಚ್ಚಾವಸ್ತುವೋ?

ಸಣ್ಣ ಕೈಗಾರಿಕೆಗಳ ಲೆಕ್ಕಪುಸ್ತಕಗಳಲ್ಲಿ ತ್ಯಾಜ್ಯನೀರಿನ ಶುದ್ಧೀಕರಣಕ್ಕೆ ಇರುವ ಸ್ಥಾನ ಒಂದೇ, ಖರ್ಚಿನ ಬದಿ. ಸಾಮಾನ್ಯ ಶುದ್ಧೀಕರಣ ಘಟಕವು ಬಳಸುವ ವಿದ್ಯುತ್ತಿನ ಸರಿಸುಮಾರು ಅರ್ಧ ಭಾಗ ನೀರಿಗೆ ಗಾಳಿ ಊದುವುದಕ್ಕೇ ವ್ಯಯವಾಗುತ್ತದೆ. ಆ ಗಾಳಿಯ ನೆರವಿನಿಂದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ತೀರಿಸುತ್ತವೆ. ಕೊಳೆಯಲ್ಲಿಯೇ ಶಕ್ತಿ ಅಡಗಿದೆ. ಅದನ್ನು ನಾಶಪಡಿಸಲು ಹಣ ತೆತ್ತು ಬೇರೆ ಶಕ್ತಿಯನ್ನು ಕೊಳ್ಳಲಾಗುತ್ತಿದೆ. ಯಾವ ವ್ಯಾಪಾರಸ್ಥನೂ ತಿಳಿದೂ ತಿಳಿದೂ ಒಪ್ಪುವ ವಹಿವಾಟು ಇದಲ್ಲ.

ಸೂಕ್ಷ್ಮಜೀವಿಗಳಿಂದ ವಿದ್ಯುತ್ ದೊರೆಯುವುದನ್ನು ಇಂಗ್ಲೆಂಡಿನ ಎಂ. ಸಿ. ಪಾಟರ್ 1911ರಲ್ಲಿಯೇ ತೋರಿಸಿದ್ದರು. 2009ರಲ್ಲಿ ಚೀನಾದ ತ್ಸಿಂಗ್‌ಹುವಾ ಹಾಗೂ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಗಳ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರ ಸಾಧನದಲ್ಲಿ ಮೂರು ಕೋಣೆಗಳು. ಒಂದು ಬದಿಯಲ್ಲಿ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಒಡೆದು ಎಲೆಕ್ಟ್ರಾನ್‌ಗಳನ್ನು ಬಿಡುತ್ತವೆ. ನಡುವಿನ ಕೋಣೆಯ ಉಪ್ಪುನೀರಿನಿಂದ ಕ್ಲೋರೈಡ್ ಒಂದು ಪೊರೆಯ ಮೂಲಕ ಆ ಬದಿಗೂ, ಸೋಡಿಯಂ ಇನ್ನೊಂದು ಪೊರೆಯ ಮೂಲಕ ಎದುರು ಬದಿಗೂ ಸರಿಯುತ್ತವೆ. ಹೊರಗಿನ ವಿದ್ಯುತ್ತಿಲ್ಲದೆ ಉಪ್ಪಿನ ಸುಮಾರು ಶೇ. 90 ಭಾಗ ನಿವಾರಣೆಯಾಯಿತು. ಸಮುದ್ರದ ನೀರನ್ನು ಆರ್.ಓ. ವಿಧಾನದಲ್ಲಿ ಸಿಹಿಯಾಗಿಸಲು ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ವಿದ್ಯುತ್ ಬೇಕೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಆದರೆ ಆ ಪ್ರಯೋಗದ ನೀರು ಕೆಲವೇ ಮಿಲಿಲೀಟರ್! ಸೂಕ್ಷ್ಮಜೀವಿಗಳಿಗೆ ಉಣಿಸಿದ್ದೂ ಕಾರ್ಖಾನೆಯ ಕೊಳೆಯನ್ನಲ್ಲ, ಶುದ್ಧ ಅಸಿಟೇಟನ್ನು. ಬಳಿಕ ಐರೋಪ್ಯ ಒಕ್ಕೂಟದ ನೆರವಿನಿಂದ ಸ್ಪೇನಿನ ಡೆನಿಯಾದಲ್ಲಿ ಪ್ರಾಯೋಗಿಕ ಘಟಕ ನಡೆದಿದೆ. ಆದರೂ ಪೊರೆಗಳ ಬೆಲೆ, ಅವುಗಳ ಮೇಲೆ ಕಟ್ಟುವ ಪಾಚಿ, ಕಡಿಮೆ ವಿದ್ಯುತ್ ಪ್ರವಾಹ ಇವೆಲ್ಲ ಇನ್ನೂ ಬಗೆಹರಿಯದ ತೊಡಕುಗಳು. ಇಂದೇ ಇಂತಹ ಯಂತ್ರವನ್ನು ಮಾರಲು ಬರುವವರನ್ನು, ವರ್ಷಕಾಲ ನಡೆದ ಘಟಕವೊಂದನ್ನು ತೋರಿಸಿರೆಂದು ಕೇಳುವುದೇ ಸರಿ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಗಾಳಿಯಿಲ್ಲದ ತೊಟ್ಟಿಯಲ್ಲಿ ಮೀಥೇನ್ ಅನಿಲ ಪಡೆಯುವ ವಿಧಾನವನ್ನು ನಮ್ಮ ಡಿಸ್ಟಿಲರಿಗಳು ಬಹುಕಾಲದಿಂದ ಬಳಸುತ್ತಿವೆ. ಒಂದು ಕಿಲೋ ಸಿ.ಓ.ಡಿ. ನಿವಾರಣೆಯಾದರೆ ಹೆಚ್ಚೆಂದರೆ 0.35 ಘನ ಮೀಟರ್ ಮೀಥೇನ್. ದಿನಕ್ಕೆ 50,000 ಲೀಟರ್ ತ್ಯಾಜ್ಯನೀರು, ಲೀಟರಿಗೆ 4 ಗ್ರಾಂ ಸಿ.ಓ.ಡಿ. ಇರುವ ಆಹಾರ ಸಂಸ್ಕರಣಾ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಶೇ. 80 ನಿವಾರಣೆಯಾದರೆ ದೊರೆಯುವುದು ಗರಿಷ್ಠ 56 ಘನ ಮೀಟರ್, ಅಂದರೆ 19 ಕಿಲೋದ ಎರಡು ಸಿಲಿಂಡರ್‌ಗಳಿಗಿಂತ ತುಸು ಹೆಚ್ಚಿನ ಉರುವಲು. ವಾಸ್ತವದಲ್ಲಿ ಇದಕ್ಕಿಂತ ಕಡಿಮೆಯೇ ಸಿಕ್ಕೀತು. ಆದರೂ ಬಾಯ್ಲರಿನ ಖರ್ಚಿನಲ್ಲಿ ಅದು ಎದ್ದು ಕಾಣುತ್ತದೆ.

ಬಣ್ಣ ಹಾಕುವ ಘಟಕಗಳ ಕಷ್ಟ ಬೇರೆ. ಅಲ್ಲಿ ಉಪ್ಪೇ ಶತ್ರು. 2011ರಲ್ಲಿ ಮದರಾಸು ಹೈಕೋರ್ಟಿನ ಆದೇಶದಿಂದ ತಿರುಪ್ಪೂರಿನ ನೂರಾರು ಘಟಕಗಳು ಬಾಗಿಲು ಮುಚ್ಚಿದ್ದನ್ನು ವರ್ತಕರು ಮರೆತಿರಲಾರರು. ಹೊಸ ತಂತ್ರದ ನಿಜವಾದ ಗಿರಾಕಿಗಳು ಇಂತಹವರೇ.

ಜಲಮಾಲಿನ್ಯ ನಿಯಂತ್ರಣ ಉಪಕರಣಗಳಿಗೆ ಹಿಂದೆ ಶೇ. 100ರಷ್ಟಿದ್ದ ಆದಾಯ ತೆರಿಗೆ ಸವಕಳಿ 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಆದ್ದರಿಂದ ತೆರಿಗೆ ಉಳಿತಾಯವನ್ನಷ್ಟೇ ನಂಬಿ ಘಟಕ ಹಾಕುವ ಕಾಲ ಹೋಯಿತು. ಮೊದಲು ಆಗಬೇಕಾದದ್ದು ಒಂದು ತಿಂಗಳ ಕಾಲ ಪ್ರತಿದಿನ ತ್ಯಾಜ್ಯನೀರಿನ ಪ್ರಮಾಣ, ಸಿ.ಓ.ಡಿ. ಹಾಗೂ ಉಪ್ಪಿನ ಅಳತೆ. ಒಂದೇ ಕೈಗಾರಿಕಾ ವಸಾಹತಿನ ಹತ್ತು ಘಟಕಗಳು ಕೂಡಿ ಪರೀಕ್ಷೆ ಮಾಡಿಸಿದರೆ ಪ್ರತಿಯೊಬ್ಬರ ಪಾಲಿನ ವೆಚ್ಚ ಅತ್ಯಲ್ಪ.